ಕಂಠವಿಲ್ಲದ ಚಂಡವೀರ

ಗೋಪನಕೊಪ್ಪ, ಹುಬ್ಬಳ್ಳಿ
೧೪ ಡಿಸೆಂಬರ್ ೨೦೨೪

ಮಗಳೇ ಸ್ನೇಹಲ್,

ವಿಜಯಪುರದ ನಿನ್ನ ಬಾಡಿಗೆ ಮನೆಯ ಬಾಗಿಲು ಹಾಕಿಕೊಂಡು, ಕಿಟಕಿ ಮುಚ್ಚಿಕೊಂಡು ಈ ಪತ್ರವನ್ನು ಓದು. ಏಕೆಂದರೆ ಇದನ್ನು ನಾನು ಕೂಗಿ ಬರೆಯುತ್ತಿದ್ದೇನೆ. ಹೈಸ್ಕೂಲಿನ ಕಾಂಪೌಂಡು ದಾಟಿ ಹುಣಸೆಮರದವರೆಗೆ ಕನ್ನಡ ಪಾಠ ಕೇಳಿಸಿದ ಈ ಕಂಠಕ್ಕೆ, ಸಭೆಗಳಲ್ಲಿ ಮೈಕು ಕೆಟ್ಟಾಗ ಮೈಕಿನ ಮಾನ ಕಾಯ್ದ ಈ ಕಂಠಕ್ಕೆ, ಧಾರವಾಡದ ವೈದ್ಯರು ತೆರೆ ಎಳೆದಿದ್ದಾರೆ.

ಗಂಟಲೊಳಗಿನ ಗಂಟು ತೆಗೆದದ್ದನ್ನು ನೀನೇ ಆಸ್ಪತ್ರೆಯಲ್ಲಿದ್ದು ನೋಡಿಹೋದೆ. ಕೆಟ್ಟ ಗಂಟು ಅಲ್ಲವೆಂದು ಕೇಳಿ ನಿಶ್ಚಿಂತಳಾಗಿ ಬಸ್ಸು ಹತ್ತಿದೆ. ಆಮೇಲೆ ವೈದ್ಯರು ಬಂದು ಆಡಿದ ಮಾತು ನಿನಗೆ ಗೊತ್ತಿಲ್ಲ. "ಮಾಸ್ತರ, ನಾ ಹೇಳೂತನಕಾ ಒಂದ ಶಬ್ದ ಬ್ಯಾಡ್ರಿ. ಪಿಸುಗುಡೂದು ಸೈತ ಬ್ಯಾಡ. ಒಮ್ಮಿ ಒದರಿದ್ರಿ ಅಂದ್ರ ಇದ್ದದ್ದೂ ಹೋಗತೈತಿ" ಎಂದರು. ಎಲ್ಲಿಯವರೆಗೆ ಎಂದು ಕೈಸನ್ನೆಯಲ್ಲಿ ಕೇಳಿದೆ. "ಫೆಬ್ರುವರಿಗೆ ನೋಡೂಣು" ಎಂದರು. ಮೊದಲಿನ ಧ್ವನಿ ಮರಳಿ ಬರುತ್ತದೆಯೇ ಎಂದು ಕೇಳುವುದಕ್ಕೆ ಮಾತ್ರ ನನಗೆ ಯಾವ ಕೈಸನ್ನೆಯೂ ಹೊಳೆಯಲಿಲ್ಲ.

ಮೊಬೈಲಿನಲ್ಲಿ ಒತ್ತಿ ಕಳಿಸಿರಿ ಎಂದು ನಿನ್ನಣ್ಣ ಯಲ್ಲೇಶ ಸಲಹೆ ಕೊಟ್ಟ. ತಿರಸ್ಕರಿಸಿದೆ. ಆ ಸಾಸಿವೆ ಅಕ್ಷರಗಳಲ್ಲಿ ಉಡಚಪ್ಪ ಮಾಸ್ತರ ಹಿಡಿಸುವುದಿಲ್ಲ. ಮನೆಯಲ್ಲಿ ಮೊಮ್ಮಗಳು ಮಾನಸಿಯ ಹಳೆಯ ಪಾಟಿಯೊಂದನ್ನು ಹಿಡಿದು ತಿರುಗುತ್ತಿದ್ದೇನೆ. ನನ್ನ ಅಕ್ಷರಕ್ಕೆ ಒಂದು ಪಾಟಿಯಲ್ಲಿ ಒಂದೇ ಶಬ್ದ ಕೂಡುತ್ತದೆ. ನಿಮ್ಮವ್ವ ಅದನ್ನು ಓಣಿಗೆಲ್ಲ ಸಾರಿದ್ದಾಳೆ: "ಪಾಟಿ ಮ್ಯಾಲೂ ಒದರತಾರವಾ ಇವರು." ಚಹಾ ಎಂದು ಬರೆದು, ಒರೆಸಿ, ಸಕ್ಕರೆ ಬೇಡ ಎಂದು ಬರೆಯುವಷ್ಟರಲ್ಲಿ ಸಕ್ಕರೆ ಬಿದ್ದಿರುತ್ತದೆ.

ಇನ್ನು ಮುಖ್ಯ ಅಂಕಕ್ಕೆ ಬರುತ್ತೇನೆ. ಈ ಸಲ ಸಂಕ್ರಾಂತಿಯ ಮುಂಚೆ ನಾವು ಮಲಪ್ರಭೆಯ ಹಿನ್ನೀರಿಗೆ ಡೇರೆ ಹಾಕಲು ಹೋಗುವುದಿಲ್ಲ. ಈ ಸಲ ಎಂದಲ್ಲ, ಇನ್ನು ಮೇಲೆ. ಡೇರೆಯನ್ನು ನಮ್ಮ ಟೆಂಪೋ ಕಮರುದ್ದೀನನಿಗೆ ಕೊಟ್ಟುಬಿಟ್ಟೆ. ಅಮರಗೋಳದ ಮಾರ್ಕೆಟ್ಟಿನಲ್ಲಿ ಉಳ್ಳಾಗಡ್ಡಿ ಚೀಲಗಳಿಗೆ ಅವನಿಗೊಂದು ಹೊದಿಕೆ ಬೇಕಾಗಿತ್ತು. ನಾಟಕವಾಡಲು ಕಂಠವಿಲ್ಲದ ಚಂಡವೀರ ಮಹಾರಾಜ ಆ ದಂಡೆಯಲ್ಲಿ ಕುಳಿತು ಏನು ಮಾಡಬೇಕು, ಸುಟ್ಟ ಎಳೆಜೋಳದ ಸೀತನಿ ತಿನ್ನಬೇಕೆ?

ಇತಿ, ಸದ್ದಡಗಿದ ನಿನ್ನ ಅಪ್ಪ,
ಉಡಚಪ್ಪ


ವಿಜಯಪುರ
೨೦ ಡಿಸೆಂಬರ್ ೨೦೨೪

ಅಪ್ಪಾ,

ಕಿಟಕಿ ಮುಚ್ಚಿಯೇ ಓದಿದೆ. ಆದರೂ ಕೆಳಗಿನ ಮನೆಯ ದುರಗವ್ವ "ಊರಿಂದ ಅಪ್ಪಾರು ಬಂದಾರೇನು?" ಎಂದು ಕೇಳಿದಳು. ಓದುವಾಗ ನನಗೆ ಗೊತ್ತಿಲ್ಲದೆ ನಿಮ್ಮಂತೆಯೇ ಓದಿದ್ದೆ.

ಡೇರೆಯನ್ನು ಉಳ್ಳಾಗಡ್ಡಿಗೆ ಬಿಡಬೇಡಿ, ವಾಪಸು ತರಿಸಿ.

ನಾನು ಕಾಲೇಜಿನಲ್ಲಿದ್ದಾಗ ಸೇವಾ ಶಿಬಿರಕ್ಕೆ ಹೋದದ್ದು ನಿಮಗೆ ನೆನಪಿರಬೇಕು. ಅಲ್ಲಿ ಖಾಕಿ ಡೇರೆಯೊಳಗೆ ಕಾಲಿಟ್ಟವಳೇ "ಕಂಬ ಎಲ್ಲಿ ಅದಾವು? ಸಿಂಹಾಸನ ಎಲ್ಲೈತಿ?" ಎಂದು ಕೇಳಿಬಿಟ್ಟೆ. ಇಡೀ ಶಿಬಿರ ಮೂರು ದಿನ ನಕ್ಕಿತು. ನಾನೇನು ಮಾಡಲಿ? ಎಲ್ಲರ ಡೇರೆಯೊಳಗೂ ಅರಮನೆ ಇರುತ್ತದೆ ಎಂದೇ ತಿಳಿದು ಬೆಳೆದವಳು. ನಾಟಕ ಕಂಪನಿ ಮುಚ್ಚಿದಾಗ, ಅಲ್ಲಿ ಪರದೆ ಎಳೆಯುತ್ತಿದ್ದ ಅಜ್ಜನಿಗೆ ಮಾಲೀಕರು ಕೊಟ್ಟ, ದರ್ಬಾರಿನ ಚಿತ್ರವಿದ್ದ ಪರದೆ ಅದು, ಅವ್ವ ಅದನ್ನು ಹೊಲಿದು ಡೇರೆ ಮಾಡಿದಳು ಎಂಬುದೆಲ್ಲ ಗೊತ್ತಾದದ್ದು ಎಷ್ಟೋ ವರ್ಷಗಳ ಮೇಲೆ. ನಮಗೆ ಅದು ಅರಮನೆ. ಒಳಗೆ ಮಲಗಿದರೆ ತಲೆಯ ಮೇಲೆ ಆನೆಗಳ ಸಾಲು.

ಮುನವಳ್ಳಿ ದಾಟಿ ಟೆಂಪೋ ಮಣ್ಣುದಾರಿಗೆ ಇಳಿಯುತ್ತಿದ್ದಂತೆ ನೀವು ಎದ್ದುನಿಂತು ಹಿನ್ನೀರಿಗೆ ಕೈಮುಗಿಯುತ್ತಿದ್ದಿರಿ. ಕಮರುದ್ದೀನ ಕಾಕಾ ಗೂಟ ಬಡಿಯುವುದು, ಅವ್ವ ಹಗ್ಗ ಬಿಗಿಯುವುದು, ನೀವು ದೂರದ ದಿಬ್ಬದ ಮೇಲೆ ನಿಂತು ಒಂದು ಹಗ್ಗವನ್ನೂ ಮುಟ್ಟದೆ ಇಬ್ಬರಿಗೂ ಅಪ್ಪಣೆ ಕೊಡುವುದು. ಸೂರ್ಯ ನೀರಿಗೆ ತಾಗಿದಾಗ ಒಲೆ ಹೊತ್ತುತ್ತಿತ್ತು, ಚಂಡವೀರನ ನಾಟಕ ಶುರುವಾಗುತ್ತಿತ್ತು. ರಾಜ್ಯ ಕಳೆದುಕೊಂಡ ಅರಸ, ಮೋಸ ಮಾಡಿದ ಮಂತ್ರಿ, ಅಡವಿಯ ಕಳ್ಳ, ಅವನ ಕುದುರೆ, ಎಲ್ಲವೂ ನೀವೊಬ್ಬರೇ. ಕೊನೆಗೆ ಅರಸ ತನ್ನ ಮಕ್ಕಳನ್ನು ಹರಸಿ ರಾಜ್ಯ ಗೆಲ್ಲಲು ಕಳಿಸುವ ಹೊತ್ತಿಗೆ ಸರಿಯಾಗಿ ಅನ್ನ ಆಗುತ್ತಿತ್ತು. ಅವ್ವ ಡೇರೆಯ ಬಟ್ಟೆಯ ಹಿಂದೆ ಕೂತು ಪ್ರಾಂಪ್ಟಿಂಗ್ ಮಾಡುತ್ತಿದ್ದಳು. ಪುಸ್ತಕವಿಲ್ಲ, ಹಾಳೆಯಿಲ್ಲ, ಕಂಪನಿಯ ಆ ನಾಟಕ ಅವಳಿಗೆ ಬಾಯಿಪಾಠ. ಅವಳ ಬಾಯಲ್ಲಿ ಹುಟ್ಟಿದ ಮಾತು ನಿಮ್ಮ ಬಾಯಲ್ಲಿ ಸಿಡಿಲಾಗುತ್ತಿತ್ತು.

ಜಲಾಶಯಗಳ ಪಾಠ ಮಾಡುವಾಗ ನಾನು ಹಲಗೆಯ ಮೇಲೆ ಮಲಪ್ರಭೆಯ ಹಿನ್ನೀರು ಬರೆದು, ದಂಡೆಯಲ್ಲೊಂದು ತ್ರಿಕೋನ ಹಾಕುತ್ತೇನೆ. ಅದೇನು ಮೇಡಂ ಎಂದು ಹುಡುಗರು ಕೇಳಿದರೆ ರಾಜಧಾನಿ ಎನ್ನುತ್ತೇನೆ.

ಜನವರಿಯಲ್ಲಿ ಕಾಲೇಜಿನ ತಪಾಸಣೆಯಿದೆ. ನನಗೆ ರಜೆ ಸಿಗುವುದಿಲ್ಲ. ನೀವು ಹೋಗಿರಿ. ಸುಮ್ಮನೆ ಕೂತರೂ ನೀವು ನೀವೇ.

ನಿಮ್ಮ ಮಗಳು,
ಸ್ನೇಹಲ್


ಗೋಪನಕೊಪ್ಪ
೨೭ ಡಿಸೆಂಬರ್ ೨೦೨೪

ಮಗಳೇ,

ತಾನು ರಣರಂಗಕ್ಕೆ ಬಾರದೆ ಅರಸನಿಗೆ ಯುದ್ಧಕ್ಕೆ ಹೊರಡೆಂದು ಅಪ್ಪಣೆ ಕೊಡುವ ಸೇನಾಪತಿಯನ್ನು ಮೊದಲ ಸಲ ನೋಡಿದೆ. ಭಲೆ.

ಸುಮ್ಮನೆ ಕೂತರೂ ನೀವು ನೀವೇ ಎಂದು ಬರೆದಿದ್ದೀ. ಮೊನ್ನೆ ನಡೆದದ್ದನ್ನು ಕೇಳು. ನನ್ನ ಹಳೆಯ ವಿದ್ಯಾರ್ಥಿಗಳಿಬ್ಬರು, ಗುರುಪಾದ ಮತ್ತು ಬಸವಪ್ರಭು, ನನ್ನನ್ನು ನೋಡಲೆಂದು ಹಣ್ಣು ಹಿಡಿದುಕೊಂಡು ಬಂದರು. ನಿಮ್ಮವ್ವ ಗಿರಣಿಗೆ ಹೋಗಿದ್ದಳು. ನಾನು ಒಳಗೆ ಕುರ್ಚಿಯಲ್ಲಿದ್ದೆ. ಅವರು ಮೆಟ್ಟಿಲ ಮೇಲೆ ನಿಂತು ಒಂದು ಕ್ಷಣ ಕಿವಿಗೊಟ್ಟರು. "ಸರ್ ಮನ್ಯಾಗಿಲ್ಲ ತಗೋ. ಇದ್ದಿದ್ರ ಓಣಿ ತಿರುವಿಗೇ ಗೊತ್ತಾಗತಿತ್ತು" ಎಂದ ಗುರುಪಾದ. ಹಣ್ಣಿನ ಚೀಲವನ್ನು ಬಾಗಿಲಿಗೆ ತೂಗುಹಾಕಿ ಹೋದರು. ನಾನು ಎದ್ದು ಬಾಗಿಲು ತೆರೆಯಬಹುದಿತ್ತು. ಏಳಲಿಲ್ಲ.

ನನ್ನ ಧ್ವನಿ ಕೇಳದಿದ್ದರೆ ನಾನಿಲ್ಲ ಎಂಬುದು ಈ ಓಣಿಯ ನಂಬಿಕೆ, ಸ್ನೇಹಲ್. ನನ್ನದೂ ಅದೇ. ಹಿನ್ನೀರಿನ ದಂಡೆಯಲ್ಲಿ, ನನ್ನ ಮಕ್ಕಳ ಮುಂದೆ, ನಾನು ಇಲ್ಲದವನಾಗಿ ಕೂರಲಾರೆ.

ಹಣ್ಣು ಚೆನ್ನಾಗಿದ್ದವು.

ಅಪ್ಪ


ಗೋಪನಕೊಪ್ಪ
೧೦ ಜನವರಿ ೨೦೨೫

ಸ್ನೇಹಲ್,

ನಾ ನಿಮ್ಮವ್ವ. ಹೇಳಿದಂಗ ಬರಿ, ಶಾಣ್ಯಾತನ ಮಾಡಬ್ಯಾಡ ಅಂತ ಮಾನಸಿಗೆ ಹೇಳೇನಿ.

ಕಮರುದ್ದೀನಗ ಫೋನ್ ಹಚ್ಚಿ ಡೇರೆ ತರಿಸಿದೆ. "ಅಕ್ಕಾ, ಮಾಸ್ತರ ಸಿಟ್ಟಿಗೇಳತಾರ" ಅಂದ. ಏಳ್ಲಿ ಬಿಡೋ, ಸಪ್ಪಳ ಅಂತೂ ಆಗೂದಿಲ್ಲಲಾ ಅಂದೆ. ಡೇರೆ ಎಲ್ಲಾ ಉಳ್ಳಾಗಡ್ಡಿ ವಾಸನಿ ಹೊಡಿಯಾಕತ್ತೈತಿ. ಸಿಂಹಾಸನದ ಮ್ಯಾಲ ಸಿಪ್ಪಿ ಕುಂತಿದ್ದು ಝಾಡಿಸಿ ಬಿಸಲಿಗೆ ಹಾಕೇನಿ. ಒಂದ ಕಡೆ ಹೊಲಗಿ ಬಿಚ್ಚಿತ್ತು, ಹಾಕೇನಿ.

ನಿಮ್ಮಪ್ಪ ಪಾಟಿ ಮ್ಯಾಲ "ಇಲ್ಲ" ಅಂತ ಬರದು ತೋರಿಸಿದ್ರು. ಚಾಳೀಸ ಹಾಕ್ಕೊಂಡಿಲ್ಲ, ನನಗ ಕಾಣವಲ್ದು ಅಂದೆ. ಮತ್ತ ದೊಡ್ಡದಾಗಿ ಬರದ್ರು. ಆಗೂ ಕಾಣಲಿಲ್ಲ. ಕಡಿಕೆ ಹೇಳಿದೆ: ನಾವಂತೂ ನಾಳೆ ಮುಂಜಾನಿ ಹೊಂಟೇವಿ. ಯಲ್ಲೇಶ ರಜಾ ಹಾಕ್ಯಾನ. ಬರೂದಿದ್ರ ಬರ್ರಿ, ಇಲ್ಲಾಂದ್ರ ಬುಟ್ಟ್ಯಾಗ ರೊಟ್ಟಿ ಅದಾವು, ಗಡಗ್ಯಾಗ ಮಸರೈತಿ.

ನೀ ಸರಿಯಾಗಿ ಉಣ್ಣು. ತಪಾಸಣಿಯವರು ಬಂದ್ರ ಹೆದರಬ್ಯಾಡ.

ಅವ್ವ

ಅತ್ಯಾ, ಇದು ನಾನು ಬರೆಯುತ್ತಿರುವುದು. ಅಜ್ಜ ಈಗಷ್ಟೇ ತನ್ನ ಕಂಬಳಿ ತಂದು ಡೇರೆಯ ಗಂಟಿನ ಪಕ್ಕ ಇಟ್ಟು ಹೋದ. ಯಾರಿಗೂ ಏನೂ ಹೇಳಲಿಲ್ಲ. ಹೇಳಲಿಕ್ಕೆ ಬರುವುದಿಲ್ಲವಲ್ಲ.
ಮಾನಸಿ


ಗೋಪನಕೊಪ್ಪ
೧೪ ಜನವರಿ ೨೦೨೫, ಸಂಕ್ರಾಂತಿ

ಮಗಳೇ ಸ್ನೇಹಲ್,

ಪರದೆ ಮೇಲೇಳಲಿ.

ದೃಶ್ಯ: ಮಲಪ್ರಭೆಯ ಹಿನ್ನೀರು. ನೀರು ಹಿಂದೆ ಸರಿದು ದಂಡೆಯೆಲ್ಲ ಬಯಲಾಗಿದೆ. ಆಚೆಗೆ ಹಾಲುಗಾಳು ತುಂಬಿದ ಬಿಳಿಜೋಳ. ಕಮರುದ್ದೀನ ಗೂಟ ಬಡಿದ, ನಿಮ್ಮವ್ವ ಹಗ್ಗ ಬಿಗಿದಳು. ನನ್ನ ಅಪ್ಪಣೆಗಳಿಲ್ಲದೆ ಡೇರೆ ಎಂದಿಗಿಂತ ಬೇಗ ಎದ್ದುನಿಂತಿತು. ಈ ಸತ್ಯವನ್ನು ನೀನು ಬೇರೆಯವರ ಬಾಯಿಂದ ಕೇಳುವ ಮೊದಲು ನಾನೇ ತಿಳಿಸುತ್ತಿದ್ದೇನೆ.

ಸೂರ್ಯ ಇಳಿಯತೊಡಗಿದ. ಒಲೆ ಹೊತ್ತಿತು. ನಾನು ಡೇರೆಗೆ ಬೆನ್ನು ಹಾಕಿ, ದೂರ ಒಂದು ಕಲ್ಲಿನ ಮೇಲೆ ನೀರಿಗೆ ಮುಖಮಾಡಿ ಕುಳಿತೆ. ಆ ಹೊತ್ತು, ಮಗಳೇ, ಪ್ರತಿ ವರ್ಷ ನಾನು ಎದೆ ತುಂಬ ಗಾಳಿ ಎಳೆದುಕೊಳ್ಳುವ ಹೊತ್ತು. ಹಿಂದಿನಿಂದ ಮಾನಸಿಯ ದನಿ ಕೇಳಿತು. "ಅಜ್ಜೀ, ಈ ಸಲ ನಾಟಕ ಇಲ್ಲೇನು?"

ಪಾತ್ರೆಗೆ ಅಕ್ಕಿ ಸುರಿದ ಸಪ್ಪಳ. ಆಮೇಲೆ ನಿಮ್ಮವ್ವ, ಕುಳಿತಲ್ಲಿಂದ ಏಳದೆ, ಉಪ್ಪಿನ ಡಬ್ಬಿ ಕೊಡು ಎನ್ನುವ ಧ್ವನಿಯಲ್ಲಿ ಹೇಳಿದಳು:

"ಎಲೈ ಅರಣ್ಯವೇ, ಕಿವಿಗೊಡು. ನಿನ್ನ ಮಡಿಲಿಗೆ ಈ ಹೊತ್ತು ಒಬ್ಬ ಅರಸ ಬಂದಿದ್ದಾನೆ."

ನನ್ನ ಬೆನ್ನು ಸೆಟೆಯಿತು. ಇದು ತಪ್ಪು, ಈ ಮಾತಿಗೆ ಗರ್ಜನೆ ಬೇಕು, ಬಲಗೈ ಆಕಾಶಕ್ಕೆ ಏರಬೇಕು ಎಂದುಕೊಂಡೆ. ಅವಳು ನಿಲ್ಲಲಿಲ್ಲ. ಒಂದು ಮಾತಾದ ಮೇಲೆ ಇನ್ನೊಂದು, ರೊಟ್ಟಿ ಬಡಿದಂತೆ, ಅವಸರವಿಲ್ಲದೆ. ಮಂತ್ರಿಯ ಮೋಸದ ಮಾತನ್ನು ಒಲೆ ಊದುತ್ತ ಆಡಿದಳು. ಮಾತಿನ ನಡುವೆ ಹೊಗೆಯೆದ್ದಿತು, ನಾನು ನನ್ನ ಜೀವಮಾನದಲ್ಲಿ ಮೊದಲ ಸಲ ಆ ಮಂತ್ರಿಗೆ ಹೆದರಿದೆ. ಕುದುರೆ ಬಂದಾಗ ಮುಚ್ಚಳದ ಮೇಲೆ ಸೌಟಿನಿಂದ ಟಕಟಕ ಬಡಿದಳು. ಕಮರುದ್ದೀನ ಚಹಾದ ಕಪ್ಪನ್ನು ಕೈಯಲ್ಲಿ ಹಿಡಿದೇ ಮರೆತ.

ನಾನು ಕಲ್ಲಿನ ಮೇಲೆ ತಿರುಗಿ ಕುಳಿತೆ. ಮಾನಸಿ ನನ್ನತ್ತ ನೋಡಿ ಜರುಗಿ ಜಾಗ ಮಾಡಿಕೊಟ್ಟಳು. ಎದ್ದುಹೋಗಿ ಪ್ರೇಕ್ಷಕರಲ್ಲಿ ಕೂತೆ.

ಏನು ಹೇಳಲಿ, ಸ್ನೇಹಲ್. ನಾನು ಚಂಡವೀರನನ್ನು ಯಾವಾಗಲೂ ಬೆಟ್ಟದ ತುದಿಯಲ್ಲಿ ನಿಲ್ಲಿಸುತ್ತಿದ್ದೆ. ಅವಳು ಅವನನ್ನು ಕರೆತಂದು ಒಲೆಯ ಪಕ್ಕ ಕೂರಿಸಿದಳು. ಅವನಿಗೆ ಚಳಿಯಾಗುತ್ತಿದೆ, ಹಸಿವಾಗಿದೆ, ಮಕ್ಕಳ ಮುಂದೆ ಅದನ್ನು ಮುಚ್ಚಿಡುತ್ತಿದ್ದಾನೆ ಎಂಬುದು ಅವನನ್ನು ಇಷ್ಟು ವರ್ಷ ಆಡಿದ ನನಗೆ ಅಂದು ಕಂಡಿತು. ಕಂಪನಿಯ ರಂಗಮಂಚದ ಪಕ್ಕದಲ್ಲಿ ನಿಂತು ನಾನು ದೊಡ್ಡ ದೊಡ್ಡ ನಟರನ್ನು ನೋಡಿದ್ದೇನೆ. ನಿಮ್ಮವ್ವ ಅಕ್ಕವ್ವನಂಥವರನ್ನು ನೋಡಿಲ್ಲ.

ಕೊನೆಯ ದೃಶ್ಯ ಬಂತು. ಅರಸ ಮಕ್ಕಳನ್ನು ಹರಸಿ ಕಳಿಸಬೇಕು. ಅವಳು ಫಕ್ಕನೆ ನಿಂತಳು.

"ಮುಂದ ನನಗ ಬರೂದಿಲ್ಲ."

"ಮರತ್ಯೇನವ್ವಾ?" ಎಂದ ಯಲ್ಲೇಶ.

"ಮರೀಲಿಕ್ಕ ಮೊದಲ ಗೊತ್ತಿರಬೇಕಲೋ. ಇದು ಕಂಪನಿ ನಾಟಕದಾಗ ಇಲ್ಲ. ಇಲ್ಲಿಗೆ ಬಂದ ಕೂಡಲೇ ನಿಮ್ಮಪ್ಪ ಒಂದೊಂದ ವರ್ಷ ಒಂದೊಂದ ಹೇಳತಾರ. ನಾ ಇಲ್ಲೆ ಪ್ರಾಂಪ್ಟಿಂಗ್ ಬಿಟ್ಟು ಅನ್ನ ಇಳಸಾಕ ಏಳತಿದ್ದೆ."

ಎಲ್ಲರೂ ನನ್ನತ್ತ ತಿರುಗಿದರು. ಎದೆಯೊಳಗಿಂದ ಮಾತು ಎದ್ದಿತು, ಗಂಟಲಿಗೆ ಬಂತು, ಬಾಯಿ ತೆರೆಯಿತು. ನಿಮ್ಮವ್ವ ಸೌಟು ಎತ್ತಿ ತೋರಿಸಿದಳು. ಬಾಯಿ ಮುಚ್ಚಿಕೊಂಡೆ. ಆ ಮಾತು ಹೊರಗೆ ಬಂದಿದ್ದರೆ ಅದೇ ನನ್ನ ಕೊನೆಯ ಮಾತಾಗುತ್ತಿತ್ತೇನೋ.

ಆಗ ಯಲ್ಲೇಶ ಎದ್ದ. ತಹಶೀಲ್ದಾರ ಕಚೇರಿಯಲ್ಲಿ ಮೇಲಿನವರ ಮುಂದೆ ಹೂಂ ಎಂಬುದನ್ನೂ ಅಳೆದು ಆಡುವ ನಿನ್ನಣ್ಣ ಪಂಚೆ ಸರಿಮಾಡಿಕೊಂಡು, ನನ್ನ ಹಾಗೆ ಒಮ್ಮೆ ಕೆಮ್ಮಿ ಹೇಳಿದ: "ಕುಮಾರ, ಲೆಕ್ಕ ತಪ್ಪಿದ್ದಕ್ಕೆ ತಲೆ ತಗ್ಗಿಸಬೇಡ. ಇಗೋ ನಿನಗೆ ಅರ್ಧ ರಾಜ್ಯ. ಸರಿಮಾಡಿಕೊಂಡು ಬಾ, ಉಳಿದರ್ಧವೂ ನಿನ್ನದೇ." ಆಮೇಲೆ ತನ್ನ ದನಿಯಲ್ಲಿ, "ಹತ್ತನೇತ್ತ್ಯಾಗ ನಾ ಗಣಿತದಾಗ ಫೇಲಾದ ವರ್ಷ ಅಪ್ಪ ಇದನ್ನ ಹೇಳಿದ್ರು. ಅವತ್ತ ಮನಿ ಬಿಟ್ಟ ಹೋಗಬೇಕಂತ ಚೀಲ ತುಂಬಿಟ್ಟಿದ್ದೆ" ಎಂದು ಕೂತ.

ನನಗೆ ಆ ಚೀಲದ ಸುದ್ದಿಯೇ ಗೊತ್ತಿರಲಿಲ್ಲ. ನಿಮ್ಮವ್ವನಿಗೆ ಗೊತ್ತಿತ್ತೋ ಏನೋ, ಅವಳು ಒಲೆಯಲ್ಲಿನ ಕಟ್ಟಿಗೆ ಸರಿಸುತ್ತಿದ್ದಳು.

ಮಾನಸಿ ಚಾಳೀಸ ಒರೆಸಿ ಏರಿಸಿಕೊಂಡು ನಿಂತಳು. ಹೋದ ವರ್ಷ ಅದು ಹೊಸದಾಗಿ ಬಂದಾಗ ಸಾಲಿಗೆ ಹೋಗುವುದಿಲ್ಲವೆಂದು ಅತ್ತಿದ್ದಳಲ್ಲ. "ನನಗ ಅಜ್ಜ, ದೂರದ ವೈರಿಯನ್ನು ಎಲ್ಲರಿಗಿಂತ ಮೊದಲು ಕಾಣುವ ಕಣ್ಣು ನಿನಗೆ ಕೊಟ್ಟಿದ್ದೇನೆ ಅಂದಿದ್ದ" ಎಂದಳು. "ಆಮ್ಯಾಲ ಅದರಾಗ ಮೊದಲ ಕಂಡಿದ್ದು ಗಣಿತ ಟೀಚರ." ಎಲ್ಲರೂ ನಕ್ಕರು. ನಾನೂ ನಕ್ಕೆ, ಸದ್ದಿಲ್ಲದೆ.

ಕಮರುದ್ದೀನ ನಗಲಿಲ್ಲ. "ನಮ್ಮವ್ವ ತೀರಿಕೊಂಡ ವರ್ಷ ನಾ ಬರೂದಿಲ್ಲ ಅಂದಿದ್ದೆ. ನೀವ ಎಳಕೊಂಡ ಬಂದ್ರಿ" ಎಂದ. "ಸಾರಥಿ, ಇವತ್ತು ರಥ ಇಲ್ಲಿಯೇ ನಿಲ್ಲಲಿ, ಅರಸ ನಿನ್ನ ಜೋಡಿ ನಡೆಯುತ್ತಾನೆ ಅಂದ್ರಿ. ಮರದಿನಾ ಮುನವಳ್ಳಿ ಮಟಾ ನನ್ನ ಜೋಡಿ ನಡದ ಬಂದ್ರಿ, ಮಾಸ್ತರ. ದಾರ್ಯಾಗ ಒಂದ ಮಾತ ಆಡಲಿಲ್ಲ." ನಾನು ಒಂದು ಮಾತೂ ಆಡದೆ ನಡೆದ ದಾರಿಯೊಂದು ಈ ಭೂಮಿಯ ಮೇಲೆ ಇದೆಯೆಂದು ಆಗ ಗೊತ್ತಾಯಿತು.

"ಅಜ್ಜೀ, ನಿನಗ ಏನ ಹೇಳಿದ್ದ?" ಎಂದಳು ಮಾನಸಿ.

"ನನಗ ಎಲ್ಲಿ ಹೇಳತಾರ? ನಾ ಪರದಿ ಹಿಂದ ಇರತಿದ್ದೆ. ರಾಜಾ ಮುಂದ ಕುಂತವರಿಗೆ ಹೇಳತಾನ." ಪಾತ್ರೆ ಇಳಿಸಿದಳು. "ಏಳ್ರಿ, ಅನ್ನ ಆಗೈತಿ."

ಅಂದು ಉಂಡದ್ದು ಏನೆಂದು ನನಗೆ ನೆನಪಿಲ್ಲ.

ಇಷ್ಟು ಮಾತು ಆಡಿದವನಿಗೆ ಒಂದೂ ನೆನಪಿರಲಿಲ್ಲ, ಮಗಳೇ. ಕೇಳಿದವರು ಇಟ್ಟುಕೊಂಡಿದ್ದರು. ನಿನ್ನದು ಯಾವ ವರ್ಷದ್ದು? ಬರೆ.

ನಿನ್ನ ಅಪ್ಪ,
ಉಡಚಪ್ಪ


ವಿಜಯಪುರ
೨೨ ಜನವರಿ ೨೦೨೫

ಅಪ್ಪಾ,

ತಪಾಸಣೆ ಮುಗಿಯಿತು. ನಿಮ್ಮ ಪತ್ರವನ್ನು ಪರ್ಸಿನಲ್ಲಿಟ್ಟುಕೊಂಡೇ ಅವರ ಪ್ರಶ್ನೆಗಳಿಗೆ ಉತ್ತರ ಕೊಟ್ಟೆ.

ನನ್ನದು ನಾನು ಆರನೇ ಇಯತ್ತೆಯಲ್ಲಿದ್ದ ವರ್ಷದ್ದು. ಸಾಲಿಯಲ್ಲಿ ನಾವೊಂದಿಷ್ಟು ಗೆಳತಿಯರು ಕೂಡಿ ಉಣ್ಣುತ್ತಿದ್ದೆವು. ಒಂದು ದಿನ ಅವರು ತಮ್ಮ ಡಬ್ಬಿಗಳನ್ನು ನನ್ನ ಡಬ್ಬಿಯಿಂದ ದೂರ ಸರಿಸಿದರು. ಯಾರ ಮನೆಯಲ್ಲಿ ಏನು ಹೇಳಿ ಕಳಿಸಿದ್ದರೋ. ನಾನು ಏಕೆ ಎಂದು ಕೇಳಲಿಲ್ಲ, ಮನೆಯಲ್ಲಿ ಹೇಳಲೂ ಇಲ್ಲ. ಅಂದಿನಿಂದ ರೊಟ್ಟಿ ಹಾಗೆಯೇ ವಾಪಸು ಬರುತ್ತಿತ್ತು. ಡಬ್ಬಿ ತೊಳೆಯುವವಳು ಅವ್ವ. ಅವಳು ನಿಮಗೆ ಹೇಳಿದಳೋ ಇಲ್ಲವೋ ಇವತ್ತಿಗೂ ಗೊತ್ತಿಲ್ಲ.

ಆ ವರ್ಷ ನೀವು ನನ್ನ ಮುಂದೆ ಬಂದು ಮಂಡಿಯೂರಿ ಎರಡೂ ಕೈ ಚಾಚಿದಿರಿ. "ರಾಜಕುಮಾರಿ, ನಿನ್ನ ಬುತ್ತಿ ಬಿಚ್ಚು. ಅರಸನಿಗೆ ಹಸಿವಾಗಿದೆ. ಮೂರು ಲೋಕದಲ್ಲಿ ನಿನ್ನ ಕೈಯ ರೊಟ್ಟಿಗೆ ಸಮನಾದ ಊಟವಿಲ್ಲ." ನಾನು ಮುರಿದು ಕೊಟ್ಟೆ. ನಿಮ್ಮ ಹಿಂದೆ ಕಮರುದ್ದೀನ ಕಾಕಾ ಕೈ ಚಾಚಿ ನಿಂತರು, ಅವರ ಹಿಂದೆ ಅಣ್ಣ. ಹಂಚುತ್ತ ಹಂಚುತ್ತ ನನಗೆ ತುಣುಕೂ ಉಳಿಯಲಿಲ್ಲ. ಆಗ ಡೇರೆಯ ಬಟ್ಟೆ ಸರಿದು, ಒಂದು ಕೈ ಮಾತ್ರ ಹೊರಗೆ ಬಂತು. ಅದರಲ್ಲಿ ಇನ್ನೊಂದು ರೊಟ್ಟಿ.

ಮುಂದಿನ ಸೋಮವಾರ ಸಾಲಿಯ ಪಡಸಾಲೆಯ ನಟ್ಟನಡುವೆ ಕೂತು ಡಬ್ಬಿ ತೆರೆದೆ. ಒಬ್ಬಳು ಎದ್ದು ಬಂದಳು. ಉಳಿದವರು ಬರಲಿಲ್ಲ. ನಾನು ಹೊಟ್ಟೆ ತುಂಬ ಉಂಡೆ. ಈಗಲೂ ನಮ್ಮ ಸ್ಟಾಫ್ ರೂಮಿನಲ್ಲಿ ಮೊದಲು ತೆರೆಯುವುದು ನನ್ನ ಡಬ್ಬಿ.

ಪರದೆಯ ಹಿಂದಿದ್ದ ತನಗೆ ಎಲ್ಲಿ ಹೇಳುತ್ತಾರೆ ಎಂದು ಅವ್ವ ಆಡಿದ ಮಾತನ್ನು ಮತ್ತೆ ಮತ್ತೆ ಓದಿದೆ. ಅದರ ಬಗ್ಗೆ ನಾನೇನೂ ಬರೆಯುವುದಿಲ್ಲ.

ನಿಮ್ಮ
ಸ್ನೇಹಲ್


ಗೋಪನಕೊಪ್ಪ
೬ ಫೆಬ್ರುವರಿ ೨೦೨೫

ಮಗಳೇ ಸ್ನೇಹಲ್,

ಮೊನ್ನೆ ನಿಮ್ಮವ್ವನನ್ನು ಕರೆದುಕೊಂಡು ಧಾರವಾಡದ ಆಸ್ಪತ್ರೆಗೆ ಹೋದೆ. ವೈದ್ಯರು ಕನ್ನಡಿ ಇಟ್ಟು, ದೀಪ ಹಾಯಿಸಿ ನೋಡಿದರು. "ಮಾತಾಡ್ರಿ ಮಾಸ್ತರ, ಏನರೆ ಅನ್ರಿ" ಎಂದರು. ಇಷ್ಟು ದಿನ ಕಾಯ್ದಿಟ್ಟುಕೊಂಡಿದ್ದ ಚಂಡವೀರನ ಮೊದಲ ಮಾತನ್ನು ಎತ್ತಿಕೊಂಡೆ. ಹೊರಬಂದದ್ದು ಒಣ ಎಲೆ ಸರಿದಂಥ ಸಪ್ಪಳ.

"ಛಲೋ ಆತು" ಎಂದರು. "ಇಷ್ಟು ಉಳದೈತಿ. ಇನ್ನ ಮ್ಯಾಲ ಇದ ನಿಮ್ಮ ಧ್ವನಿ. ಸನೇಕ ಕುಂತವರಿಗೆ ಕೇಳತೈತಿ. ದೂರಿನವರಿಗೆ ಒದರೂದು ಮುಗೀತ್ರಿ."

ವಾಪಸು ಹುಬ್ಬಳ್ಳಿಗೆ ಚಿಗರಿ ಬಸ್ಸು ಹತ್ತಿದೆವು. ನಿಮ್ಮವ್ವ ಕಿಟಕಿಯ ಕಡೆ, ನಾನು ಅವಳ ಪಕ್ಕ. ಬಸ್ಸು ತುಂಬ ಜನ. ಹಿಂದೆಲ್ಲ ನಾನು ಬಸ್ಸಿನಲ್ಲಿ ಬಾಯಿ ತೆರೆದರೆ ಡ್ರೈವರನೂ ಕನ್ನಡಿಯಲ್ಲಿ ನೋಡುತ್ತಿದ್ದ. ನವಲೂರು ದಾಟಿದ ಮೇಲೆ ನಾನು ಅವಳ ಕಿವಿಯ ಹತ್ತಿರ ಬಗ್ಗಿ ಮಾತು ಶುರುಮಾಡಿದೆ. ಒಬ್ಬರೂ ತಿರುಗಿ ನೋಡಲಿಲ್ಲ.

ಏನು ಹೇಳಿದೆ ಎಂಬುದನ್ನು ನಿನಗೆ ಬರೆಯುವುದಿಲ್ಲ. ಚಂಡವೀರನ ನಾಟಕದಲ್ಲಿ ರಾಣಿಯ ಪಾತ್ರವೇ ಇಲ್ಲ, ಆದ್ದರಿಂದ ಒಂದೊಂದು ಮಾತನ್ನೂ ಹೊಸದಾಗಿ ಕಟ್ಟಬೇಕಾಯಿತು. ನಡುನಡುವೆ ತಡವರಿಸಿದೆ. ನವನಗರ ಹೋಯಿತು, ಉಣಕಲ್ಲ ಕೆರೆ ಹೋಯಿತು. ಅವಳು ಉದ್ದಕ್ಕೂ ಕಿಟಕಿಯ ಹೊರಗೆ ನೋಡುತ್ತಿದ್ದಳು. ಕೇಳಿಸುತ್ತಿದೆಯೋ ಇಲ್ಲವೋ ಎಂದು ನನಗೇ ಅನುಮಾನ.

ನಾವು ಇಳಿಯಬೇಕಾದ ಸ್ಟಾಪು ಬಂತು, ಬಾಗಿಲು ತೆರೆಯಿತು. ಇಳಿಯೋಣ ಎಂದು ಸೀಟಿನ ಹಿಡಿಕೆಗೆ ಕೈಯಿಟ್ಟೆ. ಅವಳು ನನ್ನ ತೋಳು ಹಿಡಿದು ಮತ್ತೆ ಕೂರಿಸಿದಳು.

"ಮುಂದಿನ ಸ್ಟಾಪಿಗೆ ಇಳಿಯೂಣು" ಎಂದಳು. "ಮೊದಲ ಮಾತು ಮುಗಸ್ರಿ."

ನಿನ್ನ ಅಪ್ಪ,
ಉಡಚಪ್ಪ